ಸಂಕ್ರಾಂತಿಗೆ ಸರಿಯಿದ್ದ ಓವರ್‌ಕ್ಲಾಕ್ ಯುಗಾದಿಗೆ ಯಾಕೆ ಕೈಕೊಟ್ಟಿತು?

ಪ್ರಶ್ನೆ: ಸರ್, ನಮಸ್ಕಾರ. ಬೆಟಗೇರಿಯಾಗ ನಮ್ಮದೊಂದು ಸಣ್ಣ ವಿಡಿಯೊ ಸ್ಟುಡಿಯೊ ಐತಿ. ಮದುವಿ, ಸೀಮಂತ, ಜಾತ್ರಿ ಶೂಟ್ ಮಾಡಿ ಪ್ರೀಮಿಯರ್‌ನ್ಯಾಗ ನಾನ ಎಡಿಟ್ ಮಾಡತೀನಿ. ಪಿಸಿ ಐ5-12600ಕೆ, ಝಡ್690 ಬೋರ್ಡ್, 3600ರ ಡಿಡಿಆರ್4 32 ಜಿಬಿ, ಆರ್‌ಟಿಎಕ್ಸ್ 3060, ಒಂದು ಟವರಿನ ಏರ್ ಕೂಲರ್. ಡಿಸೆಂಬರ್‌ನ್ಯಾಗ ಒಂದು ವಿಡಿಯೊ ನೋಡಿ ಪ್ರೊಸೆಸರ್ ವೇಗಾನ ಕಂಪನಿ ಇಟ್ಟಿದ್ದಕ್ಕಿಂತ ಮ್ಯಾಲ 5.1 ಗಿಗಾಹರ್ಟ್ಸ್‌ಗೆ ಏರಿಸಿ (ಓವರ್‌ಕ್ಲಾಕ್ ಅಂತಾರಲ್ಲ, ಅದು), ವೋಲ್ಟೇಜ್ 1.40ಕ್ಕ ಫಿಕ್ಸ್ ಮಾಡಿ, ವೋಲ್ಟೇಜ್ ಇಳಿಯದಂಗ ಹಿಡಿಯೋ ಎಲ್‌ಎಲ್‌ಸಿ ಎಲ್ಲಾಕ್ಕಿಂತ ಜೋರಿಂದು ಇಟ್ಟೆ. ಚಳಿಗಾಲದಾಗ ಏನೂ ತ್ರಾಸ ಇರಲಿಲ್ಲ. ಯುಗಾದಿ ಆದಮ್ಯಾಲಿಂದ ಎಕ್ಸ್‌ಪೋರ್ಟ್ ಮಾಡುವಾಗ ಒಮ್ಮೊಮ್ಮೆ ನೀಲಿ ಪರದೆ, ಒಮ್ಮೊಮ್ಮೆ ಪಟ್ಟನ ಆಫ್. ಟೆಂಪರೇಚರ್ 97–98 ತೋರಸ್ತೈತಿ. 100ರ ಒಳಗಿದ್ರ ಚಿಂತಿಲ್ಲ ಅಂತ ಒಬ್ಬ ಗೆಳೆಯ ಅಂತಾನ. ಇನ್ನೊಬ್ಬ, ಹೆಸ್ಕಾಂ ಕರೆಂಟ್ ಏರಿಳಿತೈತಿ, ಸ್ಟೆಬಿಲೈಜರ್ ಹಾಕಸು ಅಂತಾನ. 1.45ಕ್ಕ ಏರಸ್ಲೇನ್ರಿ? ಪ್ರೊಸೆಸರ್ ಸುಟ್ಟು ಹೋಗತೈತೇನು? ಮುಂದ ಹದಿನೈದು ಮದುವಿ ಅದಾವ.

ಉತ್ತರ: 1.45ಕ್ಕೆ ಏರಿಸಬೇಡಿ. ಮೊದಲು ಬಯೋಸನ್ನು (ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಜಾಗ) ಡೀಫಾಲ್ಟ್‌ಗೆ, ಅಂದರೆ ಕಂಪನಿ ಇಟ್ಟ ಸ್ಥಿತಿಗೆ ತನ್ನಿ. ಆಮೇಲೆ, ಇನ್ನೂ ಪಾರ್ಟಿಗೆ ಕೊಡದ ಮದುವೆಗಳ ಮೂಲ ಫೂಟೇಜನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿಡಿ. ಈ ಎರಡು ಕೆಲಸಗಳ ಕ್ರಮ ಅದಲುಬದಲಾಗಬಾರದು. ಅಸ್ಥಿರವಾದ ಪ್ರೊಸೆಸರ್ ನೀಲಿ ಪರದೆ ತೋರಿಸಿ ನಿಂತುಬಿಟ್ಟರೆ ನಮ್ಮ ಪುಣ್ಯ. ನಿಲ್ಲದೆ, ಫೈಲಿನಲ್ಲಿ ಒಂದೆರಡು ಬಿಟ್ ತಪ್ಪು ಬರೆದು ಸುಮ್ಮನೆ ಮುಂದೆ ಹೋಗುವುದೂ ಉಂಟು. ಅಷ್ಟೊತ್ತಿಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಆಗಿರುತ್ತದೆ, ಸರಿಯಾಗಿ ಅಕ್ಕಿಕಾಳು ಬೀಳುವಲ್ಲಿ ಕ್ಲಿಪ್ ಕೆಟ್ಟಿರುತ್ತದೆ. ಪ್ರೊಸೆಸರ್ ಹೋದರೆ ಹುಬ್ಬಳ್ಳಿಗೆ ಬಂದರೆ ಇನ್ನೊಂದು ಸಿಗುತ್ತದೆ, ಮದುವೆಯನ್ನು ಮತ್ತೊಮ್ಮೆ ಮಾಡಿಸಲು ಬರುವುದಿಲ್ಲ.

ಈಗ ರೋಗದ ವಿಷಯ. ‘ಒಮ್ಮೊಮ್ಮೆ ನೀಲಿ ಪರದೆ, ಒಮ್ಮೊಮ್ಮೆ ಪಟ್ಟನ ಆಫ್’ ಎಂದು ಬಿಡಿಸಿ ಬರೆದಿದ್ದೀರಲ್ಲ, ಅದು ಒಳ್ಳೆಯದಾಯಿತು. ನನ್ನ ಬೆಂಚಿಗೆ ಪಿಸಿ ತರುವ ಹೆಚ್ಚಿನವರು ಎರಡನ್ನೂ ಸೇರಿಸಿ ‘ಹ್ಯಾಂಗ್ ಆಗತೈತ್ರಿ’ ಅಂದುಬಿಡುತ್ತಾರೆ. ಇವು ಎರಡು ಬೇರೆ ಬೇರೆ ತೊಂದರೆಗಳು. ನೀಲಿ ಪರದೆಯಲ್ಲಿ ‘ವ್ಹೀಯಾ ಅನ್‌ಕರೆಕ್ಟಬಲ್ ಎರರ್’ ಅಥವಾ ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಎಂದು ಬಂದರೆ, ಆ ವೇಗಕ್ಕೆ ಆ ಬಿಸಿಯಲ್ಲಿ ಕೋರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಪರದೆಯೂ ಇಲ್ಲ, ಸದ್ದೂ ಇಲ್ಲ, ಫ್ಯಾನ್ ಸಮೇತ ಎಲ್ಲ ನಿಂತುಹೋದರೆ ಅದು ವಿದ್ಯುತ್ತಿನ ದಾರಿಯಲ್ಲಿ ಎಲ್ಲೋ ಕತ್ತರಿ ಬಿದ್ದದ್ದು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ನೋಡಿ. ಕರ್ನಲ್-ಪವರ್ 41 ಎಂಬ ನಮೂದು ಎರಡೂ ಬಗೆಯಲ್ಲಿ ಇರುತ್ತದೆ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ, ವಿಂಡೋಸ್‌ಗೆ ಸಾಯುವ ಮುನ್ನ ಒಂದು ಸಾಲು ಬರೆಯಲೂ ಪುರಸೊತ್ತು ಸಿಕ್ಕಿಲ್ಲ ಎಂದರ್ಥ.

ಇಲ್ಲಿ ನಿಮ್ಮ ಎರಡನೇ ಗೆಳೆಯರ ಮಾತಿಗೆ ಬರೋಣ. ಹೆಸ್ಕಾಂ ಕರೆಂಟಿಗೂ ಪ್ರೊಸೆಸರಿನ ವೋಲ್ಟೇಜಿಗೂ ನೇರ ಸಂಬಂಧವಿಲ್ಲ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ 12 ವೋಲ್ಟ್ ಡಿಸಿ ಮಾಡುತ್ತದೆ, ಆ 12ನ್ನು ಮದರ್‌ಬೋರ್ಡಿನ ವಿಆರ್‌ಎಂ ಸುಮಾರು 1.2ಕ್ಕೆ ಇಳಿಸಿ ಕೋರ್‌ಗೆ ಉಣಿಸುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಮೇಲೆ 100–240 ಎಂದು ಬರೆದಿರುತ್ತದೆ. ನಿಮ್ಮ ಓಣಿಯಲ್ಲಿ ಕರೆಂಟ್ 190ಕ್ಕೆ ಇಳಿದರೂ 12 ವೋಲ್ಟಿಗೆ ಅದರ ಬಿಸಿ ತಟ್ಟುವುದಿಲ್ಲ. ಆದ್ದರಿಂದ ನೀಲಿ ಪರದೆಗೆ ಸ್ಟೆಬಿಲೈಜರ್ ಮದ್ದಲ್ಲ.

ಆದರೆ ಪಟ್ಟನೆ ಆಫ್ ಆಗುವ ವಿಷಯದಲ್ಲಿ ಅವರ ಮಾತು ಕಾಲುಭಾಗ ನಿಜವಿರಬಹುದು. ನೀವು ಯುಪಿಎಸ್ ಬಗ್ಗೆ ಬರೆದಿಲ್ಲ. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಟೇಬಲ್ ಕೆಳಗೊಂದು 600 ವಿಎ ಡಬ್ಬಿ ಇರುವುದು ವಾಡಿಕೆ. ಅದರ ನಿಜವಾದ ತಾಕತ್ತು ಸಾಮಾನ್ಯವಾಗಿ 360 ವ್ಯಾಟ್. ನಿಮ್ಮ ಗ್ರಾಫಿಕ್ಸ್ ಕಾರ್ಡೊಂದೇ 170 ವ್ಯಾಟ್ ಎಳೆಯಬಲ್ಲದು. ಕಂಪನಿ ಲೆಕ್ಕದಲ್ಲಿ ನಿಮ್ಮ ಪ್ರೊಸೆಸರಿನ ಗರಿಷ್ಠ ಟರ್ಬೊ ಪವರ್ 150 ವ್ಯಾಟ್, 1.40 ವೋಲ್ಟಿನಲ್ಲಿ 5.1 ಓಡಿಸಿದರೆ ಅದು 200ರ ಆಸುಪಾಸಿಗೆ ಹೋಗುತ್ತದೆ. ಮೇಲೆ ಮಾನಿಟರ್, ಡಿಸ್ಕ್, ಫ್ಯಾನ್, ಎಸ್‌ಎಂಪಿಎಸ್ ತಾನೇ ತಿನ್ನುವ ಪಾಲು. ಎರಡೂ ಒಟ್ಟಿಗೆ ಬೆವರುವ ಹೊತ್ತಿಗೆ ಲೈನ್ ಅರೆಕ್ಷಣ ಕುಸಿದು ಯುಪಿಎಸ್ ಬ್ಯಾಟರಿಗೆ ಹಾರಿದರೆ ಸಾಕು, ಓವರ್‌ಲೋಡ್ ಎಂದು ಕೈಚೆಲ್ಲುತ್ತದೆ. ಪರೀಕ್ಷೆ ಸುಲಭ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿನಿಂದ ಎರಡು ದಿನ ಎಕ್ಸ್‌ಪೋರ್ಟ್ ಮಾಡಿ. ‘ಪಟ್ಟನೆ ಆಫ್’ ನಿಂತು ನೀಲಿ ಪರದೆ ಮಾತ್ರ ಉಳಿದರೆ ಅರ್ಧ ಉತ್ತರ ಸಿಕ್ಕಿತು, ದುಡ್ಡನ್ನು ಸ್ಟೆಬಿಲೈಜರ್‌ಗೆ ಹಾಕದೆ 1000 ವಿಎ ಯುಪಿಎಸ್‌ಗೆ ಹಾಕಿ. ಗೋಡೆಯ ಪ್ಲಗ್ಗಿನಲ್ಲೂ ಆಫ್ ಆದರೆ ಎಸ್‌ಎಂಪಿಎಸ್ ಮತ್ತು ವಿಆರ್‌ಎಂ ಬಿಸಿ ಎರಡನ್ನೂ ನೋಡಬೇಕು.

ಇನ್ನು ಮುಖ್ಯ ವಿಷಯ, 1.40. ಬಯೋಸಿನಲ್ಲಿ ನೀವು ಬರೆದ ಸಂಖ್ಯೆ ಕೋರ್‌ಗೆ ಮುಟ್ಟುವ ಸಂಖ್ಯೆಯಲ್ಲ. ಹೊಲದ ಕೊನೆಯ ಮನೆಯ ಬಲ್ಬ್ ನೋಡಿದ್ದೀರಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ 230 ಇರುತ್ತದೆ, ಪಂಪ್‌ಸೆಟ್ಟುಗಳೆಲ್ಲ ಶುರುವಾದವೆಂದರೆ ಕೊನೆಯ ಮನೆಯಲ್ಲಿ ಬಲ್ಬ್ ಮಂಕಾಗುತ್ತದೆ. ತಂತಿಯಲ್ಲಿ ಕರೆಂಟ್ ಹೆಚ್ಚು ಹರಿದಷ್ಟೂ ದಾರಿಯಲ್ಲಿ ವೋಲ್ಟೇಜ್ ಸವೆಯುತ್ತದೆ. ಮದರ್‌ಬೋರ್ಡ್‌ನಲ್ಲೂ ಇದೇ ಕಥೆ, ಆದರೆ ಇಲ್ಲಿ ಕರೆಂಟ್ ವಿಪರೀತ. ದಾರಿಯ ಲೆಕ್ಕ 1 ಮಿಲಿಓಮ್ ಎಂದಿಟ್ಟುಕೊಂಡರೂ 150 ಆಂಪಿಯರ್ ಹರಿದಾಗ 0.15 ವೋಲ್ಟ್ ಇಳಿಯುತ್ತದೆ. 1.40 ಬರೆದರೆ ಕೋರ್‌ಗೆ ಸಿಗುವುದು 1.25. ಈ ಇಳಿತ ಬೋರ್ಡಿನ ದೋಷವಲ್ಲ, ವಿನ್ಯಾಸಕಾರರು ಬೇಕೆಂದೇ ಇಟ್ಟದ್ದು.

ಬೇಕೆಂದೇ ಯಾಕೆ ಇಟ್ಟರು? ರಾತ್ರಿ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ನಿಂತಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಹಗಲು ಬಲ್ಬ್ ಮಂಕೆಂದು ಟಿಸಿಯ ಟ್ಯಾಪ್ ಏರಿಸಿಕೊಂಡವರ ಮನೆಯಲ್ಲಿ ಬಲ್ಬ್ ಫಟ್ ಎನ್ನುವುದು ಆಗಲೇ. ಎಲ್‌ಎಲ್‌ಸಿ ಎಂದರೆ ಈ ಇಳಿತವನ್ನು ಸರಿದೂಗಿಸುವ ಸೌಲಭ್ಯ. ಅದನ್ನು ಅತಿ ಜೋರಿಗೆ ಇಟ್ಟರೆ ಲೋಡ್ ಇದ್ದಾಗ ವೋಲ್ಟೇಜ್ ಇಳಿಯುವುದಿಲ್ಲ, ಸರಿ. ಆದರೆ ಎಕ್ಸ್‌ಪೋರ್ಟ್ ನಡುವೆ ಲೋಡ್ ಸರಕ್ಕನೆ ಬಿಟ್ಟಾಗ ವಿಆರ್‌ಎಂ ತಕ್ಷಣ ಬ್ರೇಕ್ ಹಾಕಲಾರದೆ, ವೋಲ್ಟೇಜ್ ಕೆಲವು ಮೈಕ್ರೊಸೆಕೆಂಡ್ ಕಾಲ 1.40 ದಾಟಿ ಮೇಲೆ ಜಿಗಿಯುತ್ತದೆ. ಎಚ್‌ಡಬ್ಲ್ಯು ಇನ್ಫೊ ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಇಣುಕುವ ತಂತ್ರಾಂಶ, ಈ ಜಿಗಿತ ಅದರ ಕಣ್ಣಿಗೆ ಬೀಳುವುದಿಲ್ಲ, ಆಸಿಲೋಸ್ಕೋಪಿಗೆ ಮಾತ್ರ ಕಾಣುತ್ತದೆ. ಹೀಗಾಗಿ ‘ನನ್ನ ವೋಲ್ಟೇಜ್ 1.40 ಅಲುಗಾಡದೆ ನಿಂತೈತಿ’ ಎಂಬ ಸಮಾಧಾನ ಅರ್ಧ ಸುಳ್ಳು.

ಇನ್ನೊಂದು ಗೊಂದಲವೂ ಇದೆ. ಎಲ್‌ಎಲ್‌ಸಿ ಹಂತಗಳಿಗೆ ಕಂಪನಿಗಳಲ್ಲಿ ಒಂದೇ ಲೆಕ್ಕವಿಲ್ಲ. ಏಸಸ್‌ನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಜೋರು, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಸಂಖ್ಯೆ ಸಣ್ಣದಾದಷ್ಟೂ ಜೋರು, ಗಿಗಾಬೈಟ್‌ನಲ್ಲಿ ಸಂಖ್ಯೆಯೇ ಇಲ್ಲದೆ ಲೋ, ಮೀಡಿಯಂ, ಹೈ ಎಂಬ ಹೆಸರುಗಳು. ವಿಡಿಯೊದಲ್ಲಿ ಯಾರೋ ‘ಲೆವೆಲ್ 4 ಇಡಿ’ ಎಂದರೆ ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಬೇರೆಯದೇ ಅರ್ಥ ಇದ್ದೀತು. ಬಯೋಸಿನಲ್ಲೇ ಪಕ್ಕದಲ್ಲಿ ಸಣ್ಣ ಗೆರೆಚಿತ್ರ ತೋರಿಸುವ ಬೋರ್ಡುಗಳಿವೆ, ಅದನ್ನು ನೋಡಿ ನಡುವಿನದನ್ನು ಆರಿಸಿ.

ಸಂಕ್ರಾಂತಿಗೆ ನಡೆದದ್ದು ಯುಗಾದಿಗೆ ಯಾಕೆ ನಡೆಯಲಿಲ್ಲ? ಇದರಲ್ಲಿ ಒಗಟೇನಿಲ್ಲ. ಡಿಸೆಂಬರ್ ರಾತ್ರಿ ನಿಮ್ಮ ಕೋಣೆಯಲ್ಲಿ 24 ಡಿಗ್ರಿ ಇದ್ದಿರಬಹುದು, ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ 38. ಕೂಲರ್ ಏನೇ ಮಾಡಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಯ ಹದಿನಾಲ್ಕು ಡಿಗ್ರಿ ಹೆಚ್ಚಳ ಹಾಗೇ ಚಿಪ್ಪಿನ ಮೇಲೆ ಕೂರುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬಿಸಿ ಹೆಚ್ಚಾದಂತೆ ಸಿಲಿಕಾನ್‌ನಲ್ಲಿ ಸೋರಿಕೆ ಕರೆಂಟ್ ಹೆಚ್ಚುತ್ತದೆ, ಅದು ಇನ್ನಷ್ಟು ಬಿಸಿ ಮಾಡುತ್ತದೆ, ಬಿಸಿಯಾದ ಚಿಪ್ ಅದೇ ವೇಗಕ್ಕೆ ಮೊದಲಿಗಿಂತ ತುಸು ಹೆಚ್ಚು ವೋಲ್ಟೇಜ್ ಕೇಳುತ್ತದೆ. ನೀವೀಗ ಅದಕ್ಕೆ 1.45 ಕೊಡಲು ಹೊರಟಿದ್ದೀರಿ. ಕೊಟ್ಟರೆ ಬಿಸಿ ಮತ್ತೆ ಏರುತ್ತದೆ, ಅದು ಮತ್ತೆ ಕೇಳುತ್ತದೆ. ಹಠಮಾರಿ ಮಗುವಿಗೆ ಚಾಕೊಲೇಟ್ ಕೊಟ್ಟು ಸುಮ್ಮನಿರಿಸಿದ ಹಾಗೆ.

ಲೆಕ್ಕ ಬೇಕೆಂದರೆ ಇಲ್ಲಿದೆ. ಚಿಪ್ ತಿನ್ನುವ ವಿದ್ಯುತ್ತು ವೇಗದ ಪ್ರಮಾಣದಲ್ಲೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲೂ ಏರುತ್ತದೆ. 4.9 ಗಿಗಾಹರ್ಟ್ಸ್ 1.25 ವೋಲ್ಟಿನಲ್ಲಿ ಓಡುವ ಚಿಪ್ಪನ್ನು 5.1ಕ್ಕೆ 1.40 ವೋಲ್ಟಿನಲ್ಲಿ ಓಡಿಸಿದರೆ ವೇಗ ಹೆಚ್ಚಿದ್ದು ಶೇ 4, ವಿದ್ಯುತ್ತು ಹೆಚ್ಚಿದ್ದು ಶೇ 30. ಸೋರಿಕೆಯನ್ನು ಇದರಲ್ಲಿ ಸೇರಿಸಿಲ್ಲ. ಒಂದು ಗಂಟೆಯ ಎಕ್ಸ್‌ಪೋರ್ಟ್‌ನಲ್ಲಿ, ಎಲ್ಲವೂ ಪ್ರೊಸೆಸರಿನ ಮೇಲೇ ನಡೆಯುತ್ತದೆ ಎಂದುಕೊಂಡರೂ, ಉಳಿಯುವುದು ಎರಡೂಕಾಲು ನಿಮಿಷ. ಅದರಲ್ಲಿ ಒಂದು ಕಪ್ ಚಹಾ ಸಹ ಆರುವುದಿಲ್ಲ.

‘100ರ ಒಳಗಿದ್ದರೆ ಚಿಂತೆಯಿಲ್ಲ’ ಎಂಬುದು ಮೊದಲ ಗೆಳೆಯರ ಮಾತು. 100 ಡಿಗ್ರಿ ಎಂಬುದು ಈ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುವ ಗಡಿ. ಡೀಫಾಲ್ಟ್ ವೋಲ್ಟೇಜಿನಲ್ಲಿ ಆಗೀಗ 95 ಮುಟ್ಟಿದರೆ ನಾನೂ ತಲೆಕೆಡಿಸಿಕೊಳ್ಳುವುದಿಲ್ಲ. 1.40 ವೋಲ್ಟ್, 98 ಡಿಗ್ರಿ, ದಿನಕ್ಕೆ ಆರು ಗಂಟೆ ಎಂದರೆ ಲೆಕ್ಕ ಬೇರೆ. ಸುಟ್ಟು ಹೋಗುತ್ತದೆಯೇ ಎಂದು ಕೇಳಿದ್ದೀರಿ. ಹೊಗೆ ಬರುವ ಹಾಗೆ ಸುಡುವುದಿಲ್ಲ, ಬೇಗ ಮುದಿಯಾಗುತ್ತದೆ. ಚಿಪ್ಪಿನೊಳಗಿನ ಲೋಹದ ಎಳೆಗಳಲ್ಲಿ ಹರಿಯುವ ಕರೆಂಟ್ ಲೋಹದ ಪರಮಾಣುಗಳನ್ನೇ ಮೆಲ್ಲಗೆ ಒತ್ತಿಕೊಂಡು ಹೋಗುತ್ತದೆ. ಇದರ ಆಯುಷ್ಯದ ಸೂತ್ರವನ್ನು ಜೇಮ್ಸ್ ಬ್ಲ್ಯಾಕ್ 1969ರಲ್ಲೇ ವಿವರಿಸಿದ್ದರು. ಕರೆಂಟಿನ ಸಾಂದ್ರತೆ ಏರಿದರೆ ಆಯುಷ್ಯ ಅದರ ವರ್ಗದಂತೆ ಕುಗ್ಗುತ್ತದೆ, ಬಿಸಿ ಏರಿದರೆ ಇನ್ನೂ ಕಡಿದಾಗಿ. ಇದರ ಜೊತೆಗೆ ಹೆಚ್ಚು ವೋಲ್ಟೇಜಿನಲ್ಲಿ ಟ್ರಾನ್ಸಿಸ್ಟರುಗಳು ಆನ್ ಆಗಲು ಬೇಕಾದ ವೋಲ್ಟೇಜೂ ಮೆಲ್ಲಗೆ ಮೇಲೆ ಸರಿಯುತ್ತದೆ. ಲಕ್ಷಣ ಒಂದೇ: ಮೊದಲು ಸಾಲುತ್ತಿದ್ದ ವೋಲ್ಟೇಜ್ ಈಗ ಸಾಲುವುದಿಲ್ಲ. ನಿಮ್ಮದು ಬೇಸಿಗೆಯ ಕಾಟವೋ ಮುದಿತನದ ಶುರುವೋ ಎಂಬುದು ಪತ್ರ ಓದಿ ಗೊತ್ತಾಗುವಂಥದ್ದಲ್ಲ, ಡೀಫಾಲ್ಟ್‌ನಲ್ಲಿ ಓಡಿಸಿದಾಗ ತಿಳಿಯುತ್ತದೆ.

ಹಾಗಂತ ‘ಆಟೊ ಇಟ್ಟರೆ ಎಲ್ಲ ಸೇಫ್’ ಎನ್ನುವುದನ್ನೂ ನಂಬಬೇಡಿ. 2023ರಲ್ಲಿ ರೈಜೆನ್ 7000 ಸರಣಿಯ ಕೆಲವು ಚಿಪ್ಪುಗಳು ಸಾಕೆಟ್ಟಿನಲ್ಲೇ ಕರಗಿದ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಚಿಪ್ಪಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ್ದು) 1.3ರ ಮಿತಿ ಹಾಕಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಚಿಪ್ಪುಗಳು ತಾವೇ ಹೆಚ್ಚು ವೋಲ್ಟೇಜ್ ಕೇಳಿ ಹಾಳಾಗುತ್ತಿದ್ದವು. ಅದಕ್ಕೆ ಆಗಸ್ಟ್ 2024ರಲ್ಲಿ 1.55 ವೋಲ್ಟಿನ ಮಿತಿ ಹಾಕುವ ಮೈಕ್ರೊಕೋಡ್ (ಬಯೋಸ್ ಮೂಲಕ ಚಿಪ್ಪಿಗೆ ಹಾಕುವ ತಿದ್ದುಪಡಿ) ಬಂತು, ವಾರಂಟಿ ಮೂರರಿಂದ ಐದು ವರ್ಷವಾಯಿತು. ನಿಮ್ಮದು 12ನೇ ತಲೆಮಾರು, ಆ ಪಟ್ಟಿಯಲ್ಲಿಲ್ಲ. ಆದರೆ ನಿಮ್ಮ ಬೋರ್ಡ್ ಆಟೊದಲ್ಲಿ ಪವರ್ ಲಿಮಿಟ್ ಎಷ್ಟಿಟ್ಟಿದೆ ನೋಡಿ. ಅನೇಕ ಝಡ್690 ಬೋರ್ಡುಗಳಲ್ಲಿ 4095 ವ್ಯಾಟ್ ಎಂದಿರುತ್ತದೆ. ಸ್ನಾನದ ಮನೆಯ ಗೀಜರ್ ಎರಡು ಸೇರಿದರೆ ಅಷ್ಟಾಗುತ್ತದೆ! ಮಿತಿಯೇ ಇಲ್ಲ ಎಂದು ಹೇಳುವ ಬಗೆ ಅದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುವುದು ಇಷ್ಟು. ಮೊದಲು ಕ್ಯಾಬಿನೆಟ್ ಬಿಚ್ಚಿ ಕೂಲರ್ ಸ್ವಚ್ಛ ಮಾಡುತ್ತೇನೆ. ಬೆಟಗೇರಿಯಲ್ಲಿ ಮಗ್ಗದ ಮನೆ ಪಕ್ಕದಲ್ಲಿದ್ದರೆ ಫಿನ್‌ಗಳ ನಡುವೆ ನೂಲಿನ ಜೂಲು ಹಾಸಿಗೆ ಹಾಸಿರುತ್ತದೆ. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಪಿಸಿಗೆ ಬ್ಲೋವರ್ ಹಿಡಿದು ಅಂಗಡಿಯಲ್ಲಿದ್ದ ನಾಲ್ಕೂ ಜನ ಅರ್ಧ ಗಂಟೆ ಸೀನಿದ್ದೇವೆ. ಅಂದಿನಿಂದ ಊರು ಕೇಳಿಯೇ ಬ್ಲೋವರ್ ಹಿಡಿಯುವುದು. ಥರ್ಮಲ್ ಪೇಸ್ಟ್ ಎರಡು ವರ್ಷದ ಹಿಂದಿನದಾದರೆ ಹೊಸದು ಹಚ್ಚಿ.

ಆಮೇಲೆ ಡೀಫಾಲ್ಟ್‌ನಲ್ಲಿ, ಪವರ್ ಲಿಮಿಟ್ ಎರಡನ್ನೂ (ಸ್ವಲ್ಪ ಹೊತ್ತಿನದು, ದೀರ್ಘ ಹೊತ್ತಿನದು) 150 ವ್ಯಾಟಿಗೆ ಇಟ್ಟು, ಪ್ರೊಸೆಸರನ್ನು ದುಡಿಸಿ ಅಂಕ ಕೊಡುವ ಸಿನಿಬೆಂಚ್ ಆರ್23 ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಅಂಕ, ಡಿಗ್ರಿ, ಕೋಣೆಯ ಉಷ್ಣತೆ, ಮೂರನ್ನೂ ಒಂದು ಡೈರಿಯಲ್ಲಿ ಬರೆದಿಡಿ. ಸಮಯ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ನೀವು ಕೆಲಸ ಮಾಡುವಾಗ ಬಾಗಿಲು ಕಿಟಕಿ ಹೇಗಿರುತ್ತವೋ ಹಾಗೆಯೇ ಇರಲಿ. ರಾತ್ರಿ ಹನ್ನೊಂದಕ್ಕೆ ಕಿಟಕಿ ತೆರೆದು ಮಾಡಿದ ಟ್ಯೂನಿಂಗ್ ನಮ್ಮ ಹವೆಗೆ ಉಪಯೋಗಕ್ಕೆ ಬಾರದು.

ಮುಂದೆ ಆರೂ ದೊಡ್ಡ ಕೋರ್‌ಗಳನ್ನು 4.9ಕ್ಕೆ ಇಡಿ. ಕಂಪನಿಯ ಲೆಕ್ಕದಲ್ಲಿ ಒಂದೆರಡು ಕೋರ್ ಮಾತ್ರ 4.9 ಮುಟ್ಟುತ್ತವೆ, ಆರೂ ಒಟ್ಟಿಗೆ ದುಡಿಯುವಾಗ 4.5ರ ಸುತ್ತ ಇರುತ್ತವೆ. ಆದ್ದರಿಂದ ಇದೂ ನಿಜವಾದ ಓವರ್‌ಕ್ಲಾಕೇ. ಸಣ್ಣ ಕೋರ್‌ಗಳನ್ನು ಮುಟ್ಟಬೇಡಿ. ಎಲ್‌ಎಲ್‌ಸಿ ನಡುವಿನದು, ವೋಲ್ಟೇಜ್ ತಾತ್ಕಾಲಿಕವಾಗಿ ಫಿಕ್ಸೆಡ್. ಲೋಡಿನಲ್ಲಿ ಅಳತೆಯ ವಿಕೋರ್ (ಕೋರ್‌ಗೆ ನಿಜವಾಗಿ ಸಿಕ್ಕ ವೋಲ್ಟೇಜ್) 1.25ರ ಸುಮಾರಿಗೆ ಬರುವಂತೆ ಹೊಂದಿಸಿ ಶುರುಮಾಡಿ. ಎಚ್‌ಡಬ್ಲ್ಯು ಇನ್ಫೊದಲ್ಲಿ ವಿಐಡಿ ಎಂಬ ಸಾಲೂ ಇರುತ್ತದೆ. ಅದು ಪ್ರೊಸೆಸರ್ ಕೇಳಿದ್ದು, ಸಿಕ್ಕಿದ್ದಲ್ಲ, ಅದನ್ನು ನೋಡಿ ಮೋಸ ಹೋಗಬೇಡಿ. ಪಾಸಾದರೆ 0.01ರಂತೆ ಇಳಿಸುತ್ತ ಹೋಗಿ. ಎಲ್ಲಿ ಬೀಳುತ್ತದೋ ಅಲ್ಲಿಂದ 0.03 ಮೇಲೆ ನಿಲ್ಲಿ. ಆ ಮೂರು ಅಂಕ ಧೂಳಿಗೆ, ಮೇ ತಿಂಗಳಿಗೆ, ಬರುವ ವರ್ಷಗಳಿಗೆ. ಒಂದೇ ಮಾದರಿಯ ಎರಡು ಚಿಪ್ಪುಗಳು ಒಂದೇ ಸಂಖ್ಯೆಗೆ ಒಪ್ಪುವುದಿಲ್ಲ, ಅದಕ್ಕೇ ವಿಡಿಯೊದವರ 1.40 ನಿಮ್ಮದಲ್ಲ. ನಿಮ್ಮ ಕೂಲರಿಗೆ ನಾನು ಇಟ್ಟುಕೊಳ್ಳುವ ಗೆರೆ: ಲೋಡಿನಲ್ಲಿ 1.30 ದಾಟಬಾರದು, ಏಪ್ರಿಲ್ ಮಧ್ಯಾಹ್ನದ ನಿಜವಾದ ಎಕ್ಸ್‌ಪೋರ್ಟ್‌ನಲ್ಲಿ 85–88 ಡಿಗ್ರಿ ದಾಟಬಾರದು. 4.9ಕ್ಕೆ 1.30 ಸಾಲದೆ ಹೋದರೆ 4.8ಕ್ಕೆ ಇಳಿಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ಸಂಖ್ಯೆ ಸಿಕ್ಕ ಮೇಲೆ ಫಿಕ್ಸೆಡ್ ಬಿಟ್ಟು ಅಡಾಪ್ಟಿವ್ ಅಥವಾ ಆಫ್‌ಸೆಟ್‌ಗೆ ಹೋಗಿ. ಆಗ ನೀವು ಬಿಲ್ ಬರೆಯುವಾಗ, ಹಾಡು ಕೇಳುವಾಗ ವೋಲ್ಟೇಜ್ ತಾನಾಗಿ ಇಳಿಯುತ್ತದೆ. ಒಂದು ತೊಡಕಿದೆ. ಆಯಾ ವೇಗಕ್ಕೆಂದು ಕಾರ್ಖಾನೆಯಲ್ಲಿ ಚಿಪ್ಪಿನೊಳಗೆ ಬರೆದಿಟ್ಟ ವೋಲ್ಟೇಜಿಗಿಂತ ಕಡಿಮೆಯನ್ನು ಅಡಾಪ್ಟಿವ್‌ನಲ್ಲಿ ಬರೆದರೆ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗ ಆಫ್‌ಸೆಟ್ ಋಣದಲ್ಲಿ ಕೊಡಬೇಕು, 0.02ರಿಂದ ಶುರುಮಾಡಿ. ಪ್ರತಿ ಸಲ ಅಂಕವನ್ನೂ ನೋಡಿ. ಕೆಲವೊಮ್ಮೆ ಪರದೆಯ ಮೇಲೆ 4.9 ಎಂದೇ ಇರುತ್ತದೆ, ಒಳಗೆ ಚಿಪ್ ಗಡಿಯಾರವನ್ನು ಹಿಗ್ಗಿಸಿಕೊಂಡು, ಅಂದರೆ ನಿಜದಲ್ಲಿ ನಿಧಾನವಾಗಿ ಓಡಿ, ಅಂಕ ಇಳಿದಿರುತ್ತದೆ.

ಸ್ಥಿರತೆಯ ಪರೀಕ್ಷೆ ಎಂದರೆ ಪ್ರೈಮ್95 ರಾತ್ರಿಯಿಡೀ ಓಡಿಸುವುದು ಎಂದು ಹಳಬರು ಹೇಳುತ್ತಾರೆ, ನಾನೂ ಹಿಂದೆ ಹೇಳುತ್ತಿದ್ದೆ. ಅದರ ಸ್ಮಾಲ್ ಎಫ್‌ಎಫ್‌ಟಿ ಎಂಬ ಪರೀಕ್ಷೆ ಕೊಡುವಷ್ಟು ಬಿಸಿ ನಿಮ್ಮ ಯಾವ ಮದುವೆಯೂ ಕೊಡುವುದಿಲ್ಲ. ಆದರೆ ಅದರಲ್ಲಿ ಪಾಸಾದ ಪಿಸಿ ಮರುದಿನ ಬ್ರೌಸರ್ ತೆರೆದಾಗ ಬಿದ್ದದ್ದನ್ನೂ ನೋಡಿದ್ದೇನೆ. ಯಾಕೆಂದರೆ ಹಗುರ ಲೋಡಿನಲ್ಲಿ, ವೇಗ ಸರಸರ ಏರಿಳಿಯುವಾಗ, ಬೇರೆಯದೇ ಬಲಹೀನತೆ ಹೊರಬರುತ್ತದೆ. ನನ್ನ ಪದ್ಧತಿ: ಸಿನಿಬೆಂಚ್ ಮೂರು ಸುತ್ತು, ಒಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶ ಒಂದು ಗಂಟೆ, ನಿಮ್ಮದೇ ಹಳೆಯ ಮದುವೆಯೊಂದರ ಪೂರ್ತಿ ಎಕ್ಸ್‌ಪೋರ್ಟ್ ಎರಡು ಸಲ, ಒಂದು ರಾತ್ರಿ ಸುಮ್ಮನೆ ಆನ್ ಇಟ್ಟು ಬಿಡುವುದು, ನಾಲ್ಕೈದು ಸಲ ಸ್ಲೀಪ್ ಮಾಡಿ ಎಬ್ಬಿಸುವುದು. ಇಷ್ಟಾದ ಮೇಲೆ ಇವೆಂಟ್ ವ್ಯೂವರಿನಲ್ಲಿ ವ್ಹೀಯಾ ಲಾಗರ್ (ಹಾರ್ಡ್‌ವೇರ್ ದೋಷಗಳನ್ನು ಬರೆದಿಡುವುದು) ನಮೂದು ಒಂದೂ ಇರಬಾರದು. ‘ಸರಿಪಡಿಸಿದ ದೋಷ’ ಎಂದು ಬರೆದಿದ್ದರೂ ಲೆಕ್ಕಕ್ಕೆ ಹಿಡಿಯಿರಿ, ಅದು ಬೀಳುವ ಮುನ್ನ ಕಾಲು ಜಾರಿದ್ದು.

ರ್‍ಯಾಮ್ ಮರೆಯಬೇಡಿ. ಅದನ್ನು ಹೆಚ್ಚಿನ ವೇಗಕ್ಕೆ ಏರಿಸುವ ಬಯೋಸ್ ಆಯ್ಕೆಯಾದ ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕೇ. ಪ್ರೊಸೆಸರ್ ಟ್ಯೂನ್ ಮಾಡುವಾಗ ಅದನ್ನು ಆಫ್ ಇಟ್ಟು, ಕೊನೆಯಲ್ಲಿ ಆನ್ ಮಾಡಿ, ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಎಕ್ಸ್‌ಎಂಪಿ ಆನ್ ಆದೊಡನೆ ಸಿಸ್ಟಮ್ ಏಜೆಂಟ್ (ಪ್ರೊಸೆಸರಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗ) ವೋಲ್ಟೇಜನ್ನು ಬೇಕಾದ್ದಕ್ಕಿಂತ ಮೇಲೇರಿಸುವ ಬೋರ್ಡುಗಳಿವೆ. 3600ಕ್ಕೆ ನಾನು 1.25 ದಾಟಿಸುವುದಿಲ್ಲ.

ಅಂದಹಾಗೆ, ಇದನ್ನೇ ಓದಿ ರೈಜೆನ್ ಇರುವವರು ಫಿಕ್ಸೆಡ್ ವೋಲ್ಟೇಜ್ ಹಾಕಲು ಹೋಗಬೇಡಿ. ಅಲ್ಲಿ ಹಗುರ ಕೆಲಸದಲ್ಲಿ 1.4ಕ್ಕಿಂತ ಮೇಲೆ ಕಂಡರೂ ಅದು ಸಹಜ, ಕರೆಂಟ್ ಕಡಿಮೆ ಇರುವಾಗ ಚಿಪ್ ತಾನೇ ಕೇಳಿಕೊಂಡದ್ದು. 5000 ಸರಣಿಯಿಂದ ಮುಂದಿನವಕ್ಕೆ ಬಯೋಸಿನ ಕರ್ವ್ ಆಪ್ಟಿಮೈಜರ್ ಎಂಬ ವೋಲ್ಟೇಜ್ ಹೊಂದಿಸುವ ಆಯ್ಕೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ನಿಜ ಹೇಳುತ್ತೇನೆ: ನಿಮ್ಮ ಸಮಯ ಉಳಿಸುವ ಕೀಲಿ ಬಹುಶಃ ವೋಲ್ಟೇಜಿನಲ್ಲಿ ಇಲ್ಲ. ನಿಮ್ಮ ಪ್ರೊಸೆಸರಿನೊಳಗೆ ಯುಎಚ್‌ಡಿ 770 ಎಂಬ ಗ್ರಾಫಿಕ್ಸ್ ಇದೆ, ಅದರಲ್ಲಿ ವಿಡಿಯೊ ಬಿಚ್ಚಿ ಓದುವ, ಕಟ್ಟುವ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಇದೆ. ಬೇರೆ ಕಾರ್ಡ್ ಹಾಕಿದಾಗ ಕೆಲವು ಬೋರ್ಡುಗಳು ಅದನ್ನು ಮಲಗಿಸಿಬಿಡುತ್ತವೆ. ಬಯೋಸಿನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿ ಫೂಟೇಜನ್ನು ಬಿಚ್ಚಿ ಓದುವುದು ನಿಮ್ಮ 3060ಕ್ಕೆ ಬರುವುದಿಲ್ಲ, ಕ್ವಿಕ್ ಸಿಂಕ್‌ಗೆ ಬರುತ್ತದೆ. ನೀವು ಆ ಬಗೆಯಲ್ಲಿ ಶೂಟ್ ಮಾಡುತ್ತಿದ್ದರೆ ಟೈಮ್‌ಲೈನ್ ತೊದಲುತ್ತಿದ್ದದ್ದು ಅದಕ್ಕೇ, 5.1 ಗಿಗಾಹರ್ಟ್ಸ್ ಅದಕ್ಕೆ ಏನೂ ಮಾಡಲಾರದು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಎಂದಿದೆಯೇ ಎಂಬುದನ್ನೂ ನೋಡಿ. ನನ್ನನ್ನು ಕೇಳಿದರೆ ಈ ಹದಿನೈದು ಮದುವೆ ಮುಗಿಯುವವರೆಗೆ ಡೀಫಾಲ್ಟ್, 150 ವ್ಯಾಟ್, ಕ್ವಿಕ್ ಸಿಂಕ್ ಇಷ್ಟರಲ್ಲೇ ಇರಿ. 4.9ರ ಪ್ರಯೋಗ ಆಷಾಢದಲ್ಲಿ ಮಾಡಿ, ಆಗ ಮದುವೆಗಳೂ ಇರುವುದಿಲ್ಲ. ಮಳೆಗಾಲದ ತಂಪಿನಲ್ಲಿ ಮಾಡಿದರೆ 0.03ರ ಬದಲು 0.04 ಬಿಟ್ಟುಕೊಳ್ಳಿ.

ಡೀಫಾಲ್ಟ್‌ನಲ್ಲಿ, ಎಕ್ಸ್‌ಎಂಪಿ ಆಫ್ ಇದ್ದು, ಯುಪಿಎಸ್ ಇಲ್ಲದೆಯೂ ನೀಲಿ ಪರದೆ ಬಂದರೆ ಮಾತ್ರ ಮುಂದೆ ಟ್ಯೂನ್ ಮಾಡುತ್ತ ಕೂರಬೇಡಿ. ಮೊದಲು ರ್‍ಯಾಮ್ ಒಂದೊಂದೇ ಕಡ್ಡಿ ಹಾಕಿ ಪರೀಕ್ಷಿಸಿ. ಆಮೇಲೂ ಬಂದರೆ ಪಿಸಿಯನ್ನು ತನ್ನಿ, ಬೇರೆ ಬೋರ್ಡಿನ ಮೇಲೆ ನಿಮ್ಮ ಪ್ರೊಸೆಸರ್ ಇಟ್ಟು ನೋಡೋಣ. ಬರುವಾಗ ಆ ಡೈರಿ, ಖರೀದಿಯ ಬಿಲ್ಲು ಎರಡೂ ಜೊತೆಗಿರಲಿ.